ಪೆಟ್ರೋಲ್ ಮುಗಿಯುತ್ತಂತೆ, ಹೌದಾ?

ಪೆಟ್ರೋಲ್ ಬಂಕಿನಲ್ಲಿ ಪೈಪು ಹಿಡಿದು ನಿಂತವರನ್ನು ಜನ ಏನೇನೋ ಕೇಳುತ್ತಾರೆ. ದಾರಿ ಕೇಳುತ್ತಾರೆ, ಕುಡಿಯೋಕೆ ನೀರು ಕೇಳುತ್ತಾರೆ, ಮಗಳಿಗೊಂದು ಒಳ್ಳೆ ಗಂಡು ಇದ್ದರೆ ಹೇಳಮ್ಮ ಅಂತ ಕೇಳುತ್ತಾರೆ. ಆದರೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಅಕ್ಕ, ಭೂಮೀಲಿ ಪೆಟ್ರೋಲ್ ಮುಗಿಯುತ್ತಂತೆ, ಹೌದಾ?" ನಾನೇನು ಭೂಮಿಯ ಹೊಟ್ಟೆಯೊಳಗೆ ಇಣುಕಿ ನೋಡಿದ್ದೀನಾ? ನಮ್ಮ ಬಂಕಿನ ಅಡಿಯಲ್ಲಿರೋ ಟ್ಯಾಂಕಾದರೆ ಕಡ್ಡಿ ಇಳಿಸಿ ನೋಡಿ ಎಷ್ಟಿದೆ ಅಂತ ಹೇಳಬಹುದು. ಭೂಮಿಗೆ ಇಳಿಸೋ ಅಂಥ ಕಡ್ಡಿ ನಮ್ಮಲ್ಲಿಲ್ಲ.

ನಮ್ಮ ಬಂಕ್ ಇರೋದು ಬೂದಿಗೆರೆ ಕಡೆಯಿಂದ ದೇವನಹಳ್ಳಿಗೆ ಹೋಗುವ ರಸ್ತೆಯಲ್ಲಿ. ಮಗಳು ಸ್ಕೂಲಿಗೆ ಸೇರಿದ ವರ್ಷ ನಾನು ಇಲ್ಲಿ ಕೆಲಸಕ್ಕೆ ಸೇರಿದೆ. ಈಗ ಆ ಮಗಳಿಗೇ ಒಬ್ಬಳು ಮಗಳು. ಇಷ್ಟು ಕಾಲದಲ್ಲಿ ಈ ಒಂದು ಪ್ರಶ್ನೆಯಿಂದ ಆದ ಫಜೀತಿಗಳು ಒಂದೆರಡಲ್ಲ. ನೆನಪಿಗೆ ಬಂದಷ್ಟು ಹೇಳ್ತೀನಿ.

ಗುಡ್ಡದ ಗೆರೆ

ನಮ್ಮ ಬಂಕಿನ ಯಜಮಾನರಿಗೆ ವಯಸ್ಸಾಗಿದೆ. ಈಗ ಬಂಕ್ ಇರುವ ಜಾಗದಲ್ಲಿ ಮೊದಲು ಅವರದೇ ದ್ರಾಕ್ಷಿ ತೋಟ ಇತ್ತು. ಇವತ್ತಿಗೂ ಪೈಪು ಎಲ್ಲಾದರೂ ಸೋರಿದರೆ "ಬಳ್ಳಿ ಸೋರ್ತಾ ಐತೆ, ನೋಡಮ್ಮ" ಅನ್ನುತ್ತಾರೆ.

ಒಂದು ಸಲ ಎಣ್ಣೆ ಕಂಪನಿಯವರು ಬಂಕಿನವರಿಗೆಲ್ಲ ಬೆಂಗಳೂರಿನಲ್ಲಿ ಒಂದು ಸಭೆ ಇಟ್ಟಿದ್ದರು. ಜೊತೆಗಿರಲಿ ಅಂತ ಯಜಮಾನರು ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿ ಚಿಕ್ಕ ವಯಸ್ಸಿನ ಒಬ್ಬ ಆಫೀಸರು ಪರದೆ ಮೇಲೆ ಒಂದು ಗೆರೆ ತೋರಿಸಿದರು. ಗೆರೆ ಗುಡ್ಡದ ಥರ ಮೇಲಕ್ಕೆ ಹತ್ತಿ, ತುದಿ ಮುಟ್ಟಿ, ಆಚೆ ಕಡೆ ಇಳಿಯುತ್ತಿತ್ತು.

"ಪ್ರಪಂಚದಲ್ಲಿ ಎಣ್ಣೆ ತೆಗೆಯೋದು ಹಿಂಗೆ ಏರ್ತಾ ಬಂತು," ಅಂದರು ಆಫೀಸರು. "ಒಂದು ದಿನ ತುದಿ ಮುಟ್ಟುತ್ತೆ. ಆಮೇಲೆ ಎಷ್ಟು ಆಳ ತೋಡಿದ್ರೂ ಸಿಗೋದು ಕಮ್ಮಿ ಆಗ್ತಾ ಹೋಗುತ್ತೆ. ಒಂದೇ ಸಲ ಮುಗಿಯಲ್ಲ. ಸಲೀಸಾಗಿ ಸಿಗೋದು ಮುಗಿಯುತ್ತೆ."

ಯಜಮಾನರ ಮುಖ ಬಾಡಿಹೋಯಿತು. ಕಾಯಿ ಬಿಡುತ್ತಿದ್ದ ಬಳ್ಳಿ ಕಿತ್ತು ಬಂಕ್ ಹಾಕಿಸಿದವರು ಅವರು. ಎದ್ದು ನಿಂತು ಕೈ ಮುಗಿದು ಕೇಳಿದರು, "ಸ್ವಾಮಿ, ಈಗ ನಾವು ಗುಡ್ಡದಲ್ಲಿ ಎಲ್ಲಿದೀವಿ?"

"ಕೆಲವರು ತುದಿಗೆ ಬಂದ್ವಿ ಅಂತಾರೆ, ಕೆಲವರು ಇನ್ನೂ ಇಲ್ಲ ಅಂತಾರೆ ಯಜಮಾನ್ರೇ. ತುದಿ ಹತ್ರ ಅಂತಿಟ್ಕೊಳ್ಳಿ."

ಯಜಮಾನರ ಮುಖಕ್ಕೆ ಕಳೆ ಬಂತು. "ಹಂಗಾದ್ರೆ ಇನ್ಮುಂದೆ ಇಳಿಜಾರು ಅಂದಂಗಾಯ್ತು. ಇಳಿಜಾರಲ್ಲಿ ಎಣ್ಣೆ ಯಾಕೆ ಸ್ವಾಮಿ? ನ್ಯೂಟ್ರಲ್‌ಗೆ ಹಾಕ್ಕೊಂಡ್ರೆ ಸಾಕಲ್ವಾ?"

ಇಡೀ ಹಾಲ್ ನಕ್ಕಿತು. ಆಫೀಸರಂತೂ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ವಾಪಸ್ ಬರುವಾಗ ಬಸ್ಸಿನಲ್ಲಿ ಯಜಮಾನರು ಮೆಲ್ಲಗೆ ನನ್ನ ಕಡೆ ಬಗ್ಗಿ ಕೇಳಿದರು:

"ಅಲ್ಲ ಕಣಮ್ಮ, ಅವರೆಲ್ಲ ಯಾಕೆ ನಕ್ಕಿದ್ದು?"

ಬಿಂದಿಗೆ ಅಜ್ಜಿ

ಎಲ್ಲೋ ದೂರದ ದೇಶದಲ್ಲಿ ಬಾಂಬು ಬಿದ್ದರೆ ಮೊದಲು ಗೊತ್ತಾಗೋದು ನಮ್ಮ ಬಂಕಿಗೆ. ಬೆಳಗ್ಗೆ ಟಿ.ವಿ.ಯಲ್ಲಿ ಸುದ್ದಿ ಬಂದರೆ ತಿಂಡಿ ಹೊತ್ತಿಗೆ ನಮ್ಮಲ್ಲಿ ರಸ್ತೆವರೆಗೂ ಸಾಲು. ಟ್ಯಾಂಕು ಅರ್ಧ ಇದ್ದವರೂ ಬಂದು ನಿಲ್ಲುತ್ತಾರೆ.

ಅಂಥ ಒಂದು ದಿನ, ಸಾಲಿನಲ್ಲಿ ಎರಡು ಬೈಕುಗಳ ನಡುವೆ ಒಬ್ಬಳು ಅಜ್ಜಿ ಸ್ಟೀಲ್ ಬಿಂದಿಗೆ ಸೊಂಟಕ್ಕೆ ಇಟ್ಟುಕೊಂಡು ನಿಂತಿದ್ದಳು. ಗಾಡಿಗಳು ಮುಂದಕ್ಕೆ ಹೋದ ಹಾಗೆ ಅವಳೂ ಒಂದೊಂದೇ ಹೆಜ್ಜೆ ಮುಂದಕ್ಕೆ ಬಂದು, ಕೊನೆಗೆ ನನ್ನ ಪೈಪಿನ ಮುಂದೆ ಬಿಂದಿಗೆ ಇಳಿಸಿದಳು.

"ಅಜ್ಜಿ, ಬಿಂದಿಗೆಗೆ ಪೆಟ್ರೋಲ್ ಹಾಕಂಗಿಲ್ಲ," ಅಂದೆ.

"ಪೆಟ್ರೋಲ್ ಕಟ್ಕೊಂಡು ನಾನೇನವ್ವ ಮಾಡ್ಲಿ? ಸೀಮೆಎಣ್ಣೆ ಹಾಕು."

"ಇಲ್ಲಿ ಸೀಮೆಎಣ್ಣೆ ಕೊಡಲ್ಲ ಅಜ್ಜಿ."

"ಮತ್ತೆ ಇಷ್ಟು ಜನ ಯಾಕೆ ನಿಂತವ್ರೆ?"

"ಪೆಟ್ರೋಲ್ ಮುಗಿದುಬಿಡುತ್ತೆ ಅಂತ ಭಯ."

ಅಜ್ಜಿ ಹಿಂದಿನ ಸಾಲನ್ನೆಲ್ಲ ಒಂದು ಸಲ ತಿರುಗಿ ನೋಡಿದಳು. ನಮ್ಮ ಮೇಲೆ ಕರುಣೆ ಬಂದವಳ ಹಾಗೆ ಹೇಳಿದಳು, "ಹೆದರ್ಕೋಬೇಡ್ರಪ್ಪ. ಸೀಮೆಎಣ್ಣೆ ಕೊಡೋದು ನಿಂತಾಗ ನಾನೂ ಇನ್ನು ಮುಗೀತು ಕತೆ ಅಂದ್ಕೊಂಡಿದ್ದೆ. ಇನ್ನೂ ಅನ್ನ ಬೇಯ್ತಾನೇ ಐತೆ."

ಆದರೆ ಪಕ್ಕಕ್ಕೆ ಸರಿಯೋಕೆ ಮಾತ್ರ ಒಪ್ಪಲಿಲ್ಲ. "ಬಿಸಿಲಲ್ಲಿ ಇಷ್ಟೊತ್ತು ನಿಂತಿವ್ನಿ, ಖಾಲಿ ಬಿಂದಿಗೆ ಎತ್ಕೊಂಡು ಹೆಂಗೆ ಹೋಗ್ಲಿ? ಶುಭ ಅಲ್ಲ." ಹಿಂದಿನವರು ಹಾರನ್ ಹೊಡೆಯೋಕೆ ಶುರು ಮಾಡಿದರು. ಯಜಮಾನರೇ ಎದ್ದು ಬಂದು, ಬಂಕಿನ ಫಿಲ್ಟರ್ ನೀರನ್ನ ಬಿಂದಿಗೆ ತುಂಬಾ ಹಿಡಿದುಕೊಟ್ಟರು. ಅಜ್ಜಿ ಹರಸಿ ಹೋದಳು.

ಮಧ್ಯಾಹ್ನ ಅವಳ ಬೀದಿಯ ಹೆಂಗಸರೆಲ್ಲ ಬಿಂದಿಗೆ ಹಿಡಿದು ಬಂದರು. ಅವತ್ತು ನಮ್ಮ ಬಂಕಿನಲ್ಲಿ ಪೆಟ್ರೋಲ್ ಮುಗಿಯಲಿಲ್ಲ. ನೀರು ಮುಗಿಯಿತು.

ಮೊಮ್ಮಕ್ಕಳ ಕಾಲ

ಹತ್ತಿರದ ಹೈಸ್ಕೂಲಿನ ವಿಜ್ಞಾನದ ಮೇಡಂ ನಮ್ಮ ಕಾಯಂ ಗಿರಾಕಿ. ಮೃದು ಮಾತಿನವರು. ಸ್ಕೂಟರಿಗೆ ಪೆಟ್ರೋಲ್ ಹಾಕಿಸಬೇಕು ಅನ್ನೋದನ್ನ ಮಾತ್ರ ಯಾವಾಗಲೂ ನಾಳೆಗೆ ಹಾಕುತ್ತಾರೆ.

ಒಂದು ಸಾಯಂಕಾಲ ರಸ್ತೆಯಲ್ಲಿ ದೊಡ್ಡ ಮೆರವಣಿಗೆಯೇ ಬಂತು. ಮುಂದೆ ಮೇಡಂ ಹ್ಯಾಂಡಲ್ ಹಿಡಿದು ನಡೆಯುತ್ತಿದ್ದಾರೆ, ಹಿಂದೆ ಯೂನಿಫಾರಂ ಹಾಕಿದ ಹೆಣ್ಣುಮಕ್ಕಳು ಸ್ಕೂಟರ್ ತಳ್ಳುತ್ತಿದ್ದಾರೆ. ಒಬ್ಬಳ ತಲೆ ಮೇಲೆ ಮೇಡಂ ಹೆಲ್ಮೆಟ್. ಇನ್ನೊಬ್ಬಳು ಅವರ ಊಟದ ಡಬ್ಬಿ ಹಿಡಿದಿದ್ದಾಳೆ.

ಎಲ್ಲರೂ ಏದುಸಿರು ಬಿಡುತ್ತಾ ಬಂದು ನಿಂತರು. ನಾನು ಮುಚ್ಚಳ ತೆಗೆದೆ. ತಳ ಒಣಗಿಹೋಗಿತ್ತು. ಮಕ್ಕಳೆಲ್ಲ ಮುಗಿಬಿದ್ದು ಒಳಗೆ ಇಣುಕಿದರು. ಅವತ್ತು ಕ್ಲಾಸಿನಲ್ಲಿ ಪೆಟ್ರೋಲಿಯಂ ಪಾಠವೇ ಆಗಿತ್ತಂತೆ. ಹೆಲ್ಮೆಟ್ ಹಾಕಿದ್ದ ಹುಡುಗಿ ನಿಜವಾದ ಕಾಳಜಿಯಿಂದ ಕೇಳಿದಳು:

"ಮೊಮ್ಮಕ್ಕಳ ಕಾಲಕ್ಕೆ ಮುಗಿಯುತ್ತೆ ಅಂದಿದ್ರಲ್ಲ ಮೇಡಂ, ಆಗ್ಲೇ ಮುಗಿದೋಯ್ತಾ?"

ಮೇಡಂ ರಸ್ತೆ ಬದಿಯಲ್ಲೇ ಕೂತು ನಕ್ಕುಬಿಟ್ಟರು. ಟ್ಯಾಂಕ್ ತುಂಬಿದ ಮೇಲೆ ಮಕ್ಕಳಿಗೆಲ್ಲ ಬನ್ನು ಕೊಡಿಸಿದರು. ಈಗ ಪ್ರತಿ ವರ್ಷ ಆ ಪಾಠ ಮಾಡುವ ದಿನ ಬೆಳಗ್ಗೆಯೇ ಬಂದು, ಫುಲ್ ಟ್ಯಾಂಕ್ ಹಾಕಿಸಿಕೊಂಡು ಹೋಗುತ್ತಾರೆ.

ಇಂಜಿನ್ ಆಫ್

ದೇವನಹಳ್ಳಿಗೆ ಸೊಪ್ಪು ಹಾಕಿ ಬರುವ ಗಂಡ ಹೆಂಡತಿ ಇದ್ದಾರೆ. ಮದುವೆಯಾದಾಗಿನಿಂದ ಅವರದು ಮೊಪೆಡ್ಡೇ. ಮೊದಲಿನದು ಹೋಗಿ ಇನ್ನೊಂದು ಬಂದಿದೆ, ಅಷ್ಟೆ. ಮುಂದೆ ಗಂಡ, ಹಿಂದೆ ಹೆಂಡತಿ, ನಡುವೆ ಖಾಲಿ ಗೋಣಿಚೀಲ.

ಭೂಮೀಲಿ ಎಣ್ಣೆ ಕಮ್ಮಿ ಆಗ್ತಿದೆ ಅಂತ ಟಿ.ವಿ.ಯಲ್ಲಿ ಹೇಳಿದ್ದು ಗಂಡನ ಮನಸ್ಸಿಗೆ ನಾಟಿತು. ಅವತ್ತಿನಿಂದ ಇಳಿಜಾರು ಬಂದ ಕಡೆಯೆಲ್ಲ ಇಂಜಿನ್ ಆಫ್ ಮಾಡುವ ವ್ರತ ಹಿಡಿದ. "ನಾವು ಒಂದು ಹನಿ ಉಳಿಸಿದ್ರೆ ಭೂಮಿತಾಯಿಗೆ ಒಂದು ಹನಿ ಉಳಿದಂಗೆ ಅಲ್ವೇನಕ್ಕ?" ಅಂದ.

ಮಾರನೇ ವಾರ ಬಂದಾಗ ಮಂಕಾಗಿದ್ದ. ಹೆಂಡತಿ ಕೈಯಲ್ಲಿ ಕಬ್ಬಿನ ಹಾಲಿನ ದೊಡ್ಡ ಲೋಟ, ಮುಖದ ತುಂಬಾ ನಗು. ಏನಾಯ್ತಪ್ಪ ಅಂದೆ.

ಆದದ್ದು ಇಷ್ಟು. ಕೆರೆ ಏರಿ ದಾಟಿದ ಮೇಲೆ ಒಂದು ಇಳಿಜಾರು ಇದೆ. ಅದರ ಬುಡದಲ್ಲಿ ಕಬ್ಬಿನ ಹಾಲಿನ ಗಾಡಿ. ಈ ಸಲ ಇಂಜಿನ್ ಆಫ್ ಮಾಡಿ ಸದ್ದಿಲ್ಲದೆ ಇಳಿಯುತ್ತಿದ್ದಾಗ ಹಿಂದಿನಿಂದ ಹೆಂಡತಿಯ ಮಾತು ಕೇಳಿಸಿತು: "ಇಲ್ಲಿ ನಿಲ್ಲಿಸ್ರೀ, ಒಂದು ಲೋಟ ಕಬ್ಬಿನ ಹಾಲು ಕುಡಿಯೋಣ."

ಗಂಡ ಬ್ರೇಕ್ ಹಾಕಿದ. "ಯಾವತ್ತೂ ಕೇಳದವಳು ಇವತ್ತೇನು ಹೊಸದಾಗಿ ಕೇಳ್ತೀಯಾ?"

"ಹೊಸದಾ? ಮದುವೆಯಾದಾಗಿಂದ ಇಲ್ಲಿಗೆ ಬಂದಾಗೆಲ್ಲ ಹೇಳ್ತಾನೇ ಇದೀನಿ. ನೀವು ಹೂಂ ಅಂತೀರಿ, ಮುಂದಕ್ಕೆ ಹೋಗ್ತೀರಿ."

ಇಷ್ಟು ವರ್ಷ ಇಂಜಿನ್ ಸದ್ದಿನಲ್ಲಿ ಏನೂ ಕೇಳಿಸದೆ, ಏನೋ ಹೇಳ್ತಾಳೆ ಅಂತ ಹೂಂಗುಟ್ಟಿದ್ದ. ಅದನ್ನ ಹೇಳುವಾಗ ಅವನ ದನಿ ಸಣ್ಣಗಾಯಿತು. "ಇನ್ನೂ ಏನೇನಕ್ಕೆ ಹೂಂ ಅಂದಿದೀನೋ ಗೊತ್ತಿಲ್ಲ ಅಕ್ಕ."

ಹಿಂದಿನಿಂದ ಹೆಂಡತಿ ಲೋಟ ಕೆಳಗಿಳಿಸಿ ಹೇಳಿದಳು, "ಎರಡೆಳೆ ಸರಕ್ಕೂ ಹೂಂ ಅಂದಿದಾರೆ. ಮುಂದಿನ ಇಳಿಜಾರಲ್ಲಿ ನೆನಪು ಮಾಡ್ತೀನಿ."

ಹಸಿ ಕಸ, ಒಣ ಕಸ

ಇದು ಒಂದು ಮದುವೆಯ ದಿನ ಆದದ್ದು. ದೂರದ ಯಾವುದೋ ಸಮುದ್ರದಲ್ಲಿ ಎಣ್ಣೆ ಹಡಗುಗಳು ನಿಂತಿವೆ ಅನ್ನೋ ಸುದ್ದಿಗೆ ಜನ ಮುಗಿಬಿದ್ದು, ನಮ್ಮ ಟ್ಯಾಂಕು ನಿಜವಾಗಿಯೂ ಬರಿದಾಗಿತ್ತು. ಟ್ಯಾಂಕರ್ ಬಂದಿರಲಿಲ್ಲ. ಸುತ್ತಮುತ್ತಲ ಬಂಕುಗಳದ್ದೂ ಅದೇ ಗತಿ. ನಾವು ಹಗ್ಗ ಕಟ್ಟಿ, "ಸ್ಟಾಕ್ ಇಲ್ಲ" ಅಂತ ಬೋರ್ಡು ನೇತುಹಾಕಿ ಕೂತಿದ್ದೆವು.

ಆಗ ಹೂವಿನ ಅಲಂಕಾರ ಮಾಡಿದ ಒಂದು ಕಾರು ಕೆಮ್ಮುತ್ತಾ ಬಂದು ಹಗ್ಗದ ಮುಂದೆ ನಿಂತುಹೋಯಿತು. ಒಳಗೆ ಮದುವೆ ಗಂಡು, ರೇಷ್ಮೆ ಪಂಚೆ, ತಲೆಗೆ ಪೇಟ. ಓಡಿಸುತ್ತಿದ್ದವರು ಅವನ ಸೋದರಮಾವ. ಹೊಸಕೋಟೆ ಕಡೆಯವರು. ಮದುವೆ ಇಲ್ಲೇ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ಛತ್ರದಲ್ಲಿ. ಮನೆಯವರ ಬಸ್ಸು ಮುಂದೆ ಹೋಗಿಬಿಟ್ಟಿತ್ತು.

"ಡೀಸೆಲ್ ಒಂದು ಲೋಟ ಆದ್ರೂ ಹಾಕಮ್ಮ," ಅಂದರು ಮಾವ.

"ಒಂದು ಹನಿನೂ ಇಲ್ಲಣ್ಣ. ಹೆಣ್ಣಿನ ಕಡೆಯವರಿಗೆ ಫೋನ್ ಮಾಡಿ."

"ಗಂಡು ದಾರೀಲಿ ಕೆಟ್ಟು ನಿಂತವ್ನೆ ಅಂತ ಹೇಳೋಕಾಗುತ್ತಾ? ಮರ್ಯಾದೆ ಏನಾಗ್ಬೇಕು?"

ಗಂಡು ಪೇಟ ಬಿಚ್ಚಿ ತೊಡೆ ಮೇಲಿಟ್ಟುಕೊಂಡು ರಸ್ತೆ ನೋಡುತ್ತಿದ್ದ. ಕಣ್ಣಲ್ಲಿ ನೀರು ನಿಂತಿತ್ತು. ತಾನು ಮೆಚ್ಚಿದ ಹುಡುಗಿಗಾಗಿ ಎರಡೂ ಮನೆಯವರನ್ನ ಒಪ್ಪಿಸೋಕೆ ಬಹಳ ಕಷ್ಟಪಟ್ಟಿದ್ದನಂತೆ. ಮುಹೂರ್ತ ಹತ್ತಿರ ಬರುತ್ತಿತ್ತು.

ಆಗ ಚಕ್ರಕ್ಕೆ ಗಾಳಿ ಹೊಡೆಸಿಕೊಳ್ಳೋಕೆ ಪಂಚಾಯ್ತಿ ಕಸದ ಗಾಡಿ ಬಂತು. ಅದು ಬ್ಯಾಟರಿ ಗಾಡಿ, ಅದಕ್ಕೆ ಯಾವ ಬಂಕಿನ ಹಂಗೂ ಇಲ್ಲ. ಓಡಿಸೋಳು ನಮ್ಮೂರ ಹುಡುಗಿ, ಖಾಕಿ ಕೋಟು, ಬಾಯಿ ತುಂಬಾ ಮಾತು. ಬೆಳಗಿನ ಸುತ್ತು ಮುಗಿಸಿ ಗಾಡಿ ತೊಳೆದುಕೊಂಡು ಬಂದಿದ್ದಳು. ವಿಷಯ ಕೇಳಿ, "ಕೂತ್ಕೊಳ್ಳಿ ಅಣ್ಣ, ಬಿಟ್ಬರ್ತೀನಿ," ಅಂದಳು.

ಮಾವ ಗಾಬರಿಯಾದರು. "ಕಸದ ಗಾಡೀಲಿ ಮದುವೆ ಗಂಡಾ?"

ಅವರ ಮಾತು ಮುಗಿಯೋದರೊಳಗೆ ಗಂಡು ಪೇಟ ತಲೆಗಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದ. ಮಾವ ಹಿಂದೆ ಹತ್ತಿ ಕಂಬಿ ಹಿಡಿದು ನಿಂತರು. ನನಗೂ ಬಂಕಿನಲ್ಲಿ ಕೆಲಸ ಇರಲಿಲ್ಲ. "ಮಾವನೋರು ಬಿದ್ದಾರು, ಹಿಡ್ಕೊಳ್ಳಕ್ಕ," ಅಂತ ಹುಡುಗಿ ನನ್ನನ್ನೂ ಹತ್ತಿಸಿಕೊಂಡಳು.

ಒಂದೇ ತೊಂದರೆ. ಆ ಗಾಡಿಯ ಮೈಕಿನ ಸ್ವಿಚ್ಚು ಕೆಟ್ಟಿತ್ತು. ಗಾಡಿ ಹೊರಟರೆ ಸಾಕು, "ಹಸಿ ಕಸ, ಒಣ ಕಸ ಬೇರೆ ಬೇರೆ ಮಾಡಿ ಕೊಡಿ" ಅಂತ ತಾನಾಗೇ ಕೂಗುತ್ತಿತ್ತು. ದಾರಿಯುದ್ದಕ್ಕೂ ಕೂಗಿಕೊಂಡೇ ಹೋದೆವು.

ಛತ್ರದ ಬಾಗಿಲಿಗೆ ಬಂದಾಗ ಹೆಣ್ಣಿನ ತಾಯಿ ಆರತಿ ತಟ್ಟೆ ಹಿಡಿದು ಗಂಡಿನ ಕಾರಿಗೆ ಕಾಯುತ್ತಿದ್ದರು. ಮೈಕಿನ ಸದ್ದಿಗೆ ವಾಲಗದವರು ಊದೋದು ನಿಲ್ಲಿಸಿದರು. ಅದೇ ಸದ್ದು ಅಡುಗೆಮನೆಗೂ ಕೇಳಿಸಿ, "ಗಾಡಿ ಬಂತು ಬನ್ರೋ" ಅಂತ ಅಡುಗೆಯವರು ತಿಂಡಿಯ ಎಂಜಲೆಲೆಗಳ ಬಕೆಟ್ ಹಿಡಿದು ಓಡಿಬಂದು, ಆರತಿ ತಟ್ಟೆಯ ಪಕ್ಕದಲ್ಲೇ ಸಾಲಾಗಿ ನಿಂತರು.

ಗಾಡಿಯಿಂದ ಗಂಡು ಇಳಿದ. ಹಿಂದಿನಿಂದ ಮಾವ ಇಳಿದರು. ಹೆಣ್ಣಿನ ಅಜ್ಜಿ ಒಬ್ಬರೇ ಮುಂದೆ ಬಂದು, ಗಂಡನ್ನ ಮೇಲಿಂದ ಕೆಳಗಿನವರೆಗೂ ನೋಡಿ, ಖಾಕಿ ಕೋಟಿನ ಹುಡುಗಿಯನ್ನ ಕೇಳಿದರು, "ಏನವ್ವ ಇದು?"

"ದಿನಾ ತಗೊಂಡು ಹೋಗೋಕೆ ಬರ್ತೀನಿ ಅಜ್ಜಿ, ಇವತ್ತು ಕೊಟ್ಟು ಹೋಗೋಕೆ ಬಂದಿದೀನಿ," ಅಂದಳು ಹುಡುಗಿ. "ಸರಿಯಾಗಿ ನೋಡಿ ಇಳಿಸ್ಕೊಳ್ಳಿ. ಆಮೇಲೆ ವಾಪಸ್ ತಗೊಳ್ಳಲ್ಲ."

ಮೇಲಿನ ಕಿಟಕಿಯಲ್ಲಿ ಬಾಸಿಂಗ ಕಟ್ಟಿಕೊಂಡ ಒಂದು ಮುಖ ಕಾಣಿಸಿತು. ಮದುವೆ ಹೆಣ್ಣು.

"ನಾವೂ ವಾಪಸ್ ಕೊಡಲ್ಲ ಬಿಡಕ್ಕ," ಅಂದಳು.