ಬಚ್ಚಲಿಗೆ ನಾನು ಕೊಟ್ಟ ವಾಟ

ಐದಡಿಗೆ ನಾಲ್ಕಡಿಯ ಬಚ್ಚಲುಮನೆಗೆ ಹೊಸ ನೆಲ ಹಾಸಲು ಮೇಸ್ತ್ರಿ ಯಾಕೆ? ಡಿಗ್ರಿ ಇದೆ, ಎರಡು ಕೈ ಇವೆ, ಮೊಬೈಲಿನಲ್ಲಿ ವಿಡಿಯೋ ಇದೆ. ನಾನೇ ಹಾಸುತ್ತೇನೆಂದು ಘೋಷಿಸಿದೆ.

"ಅಪ್ಪನ್ನ ಒಂದ್ಮಾತು ಕೇಳ್ರೀ," ಎಂದಳು ಹೆಂಡತಿ.

ಅಲ್ಲೇ ಇತ್ತು ತೊಡಕು. ಮಾವನವರು ನಲವತ್ತು ವರ್ಷ ಗಾರೆ ಕೆಲಸ ಮಾಡಿದ ಮೇಸ್ತ್ರಿ. ಮದುವೆಯಾದ ಹೊಸದರಲ್ಲಿ ನಾನು ಮೊಳೆ ಹೊಡೆದು ತೂಗುಹಾಕಿದ್ದ ಗಡಿಯಾರ ಅವರ ಭುಜದ ಮೇಲೇ ಬಿದ್ದಿತ್ತು. "ಅಳಿಯಂದ್ರ ಕೈಗೆ ಪೆನ್ನೇ ಸರಿ," ಎಂದಿದ್ದರು. ಹನ್ನೊಂದು ವರ್ಷವಾದರೂ ಆ ಮಾತು ಚುಚ್ಚುತ್ತಲೇ ಇದೆ. ಮುಂದಿನ ಭಾನುವಾರ ಅವರು ಬರುವವರಿದ್ದರು. ಅಷ್ಟರೊಳಗೆ ನೆಲ ಸಿದ್ಧವಾಗಬೇಕು, ಅವರ ಬಾಯಲ್ಲಿ ‘ಭೇಷ್’ ಬರಬೇಕು!

ಹಳೆಯ ಟೈಲ್ಸ್ ಒಡೆಯುವುದರಲ್ಲಿ ನನ್ನ ಪ್ರತಿಭೆ ಬೆಳಗಿತು. ಜೊತೆಗೆ ಬಕೆಟ್ಟೂ ಒಡೆಯಿತು. ನೀರು ಹೋಗುವ ಜಾಲರಿಯ ಮೂಲೆಯಿಂದ ಶುರುಮಾಡಿ, ಸಿಮೆಂಟು ಸುರಿದು ಟೈಲ್ಸ್ ಕೂರಿಸುತ್ತಾ ಹಿಂದಕ್ಕೆ ಸರಿದು ಬಾಗಿಲಿಗೆ ಬಂದೆ. ಮೊದಮೊದಲು ಕೈ ಧಾರಾಳವಾದ್ದರಿಂದ ಬಾಗಿಲ ಬಳಿ ಸಿಮೆಂಟು ಸಾಲದೆ ಬಂತು. ತೆಳ್ಳಗೆ ಸವರಿ ಮುಗಿಸಿದೆ. ಮಿತವ್ಯಯವೂ ಒಂದು ಕಲೆ.

"ವಾಟ ಕೊಟ್ಟಿದೀರಾ?" ಮೇಸ್ತ್ರಿಯ ಮಗಳು ಕೇಳಿದಳು.

"ವಾಟ ಅಂದ್ರೆ?"

"ಇಳಿಜಾರು. ನೀರು ಹರಿದು ಹೋಗೋಕೆ."

"ನೀರಿಗೆ ದಾರಿ ನಾವು ಹೇಳ್ಕೊಡ್ಬೇಕಾ? ಅದಕ್ಕೇ ಗೊತ್ತಿರುತ್ತೆ."

ಗೊತ್ತಿತ್ತು, ನಿಜ.

ಭಾನುವಾರ ಮಾವ ಬಂದವರೇ ಸ್ನಾನಕ್ಕೆ ಹೋದರು. ನಾನು ಹೊರಗೆ ‘ಭೇಷ್’ಗಾಗಿ ಕಿವಿ ನಿಮಿರಿಸಿ ನಿಂತೆ. ಮೊದಲು ಬಂದದ್ದು ನೀರು. ಬಾಗಿಲ ಕೆಳಗಿನಿಂದ ನುಸುಳಿ, ನನ್ನ ಪಾದ ತೊಳೆದು, ಮಲಗುವ ಕೋಣೆಗೆ ದಯಮಾಡಿಸಿ ಮಂಚದ ಕೆಳಗೆ ವಿಶ್ರಮಿಸಿತು. ಹಿಂದೆಯೇ ಸೋಪಿನ ಚೂರು ಬಂತು. ಕೊನೆಗೆ ಟವೆಲ್ ಸುತ್ತಿಕೊಂಡ ಮಾವ ಬಂದರು.

ಅವರು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಕುಕ್ಕರುಗಾಲಲ್ಲಿ ಕೂತು, ಜಾಲರಿಯ ಪಕ್ಕದಲ್ಲೇ ಒಂದು ಮಗ್ಗು ನೀರು ಸುರಿದು, ಅದು ಜಾಲರಿಗೆ ಬೆನ್ನು ತೋರಿಸಿ ಮಂಚದತ್ತ ಓಡುವುದನ್ನು ಬಹಳ ಗೌರವದಿಂದ ನೋಡಿದರು.

"ಭೇಷ್ ಅಳಿಯಂದ್ರೇ, ಒಂದು ಹನೀನೂ ನಿಲ್ಲಲ್ಲ. ಇಂಥ ವಾಟ ನಾನೂ ಕೊಟ್ಟಿಲ್ಲ. ಇನ್ನು ಮಂಚದ ಕೆಳಗೊಂದು ತೂತು ಕೊರೆದ್ರೆ ಕೆಲಸ ಮುಗೀತು."

ಹನ್ನೊಂದು ವರ್ಷ ಕಾದ ‘ಭೇಷ್’ ಹೀಗೆ ಬಂತು. ನಾಚಿಕೆಯಿಂದ ಕುಗ್ಗಿಹೋದೆ. ಆದರೂ ಬಾಯಿ ಸುಮ್ಮನಿರಬೇಕಲ್ಲ.

"ಮಾವ, ಈ ಮನೆ ನೆಲಾನೇ ಮೊದಲಿಂದ ಡೊಂಕು."

ಹೆಂಡತಿ ನೆಲ ಒರೆಸುವ ಬಟ್ಟೆಯನ್ನು ನನ್ನ ಕೈಗೆ ತುರುಕಿದಳು.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಪಾಪ, ನಮ್ಮ ಬಚ್ಚಲಿಗೆ ಬಂದಿದ್ರೆ ಅವಳ ಮರ್ಯಾದೆನಾದ್ರೂ ಉಳೀತಿತ್ತು."