ನನ್ನ ತಂಗಿಯ ಎದುರು ಬಾಯಿ ತೆರೆಯಬೇಡಿ

ಎಲ್ಲಾದರೂ ನನ್ನ ತಂಗಿ ಎದುರಾದರೆ ದಯವಿಟ್ಟು ಆಕಳಿಸಬೇಡಿ! ಗಟ್ಟಿಯಾಗಿ ನಗುವುದೂ ಬೇಡ. ನೀವು ಬಾಯಿ ತೆರೆದಿರೋ, ಅವಳು ಕತ್ತು ಬಗ್ಗಿಸಿ ನಿಮ್ಮ ಗಂಟಲೊಳಗೆ ಇಣುಕುತ್ತಾಳೆ. ಕಿರುನಾಲಿಗೆ ಪೂರ್ತಿ ಕಂಡರೆ ಅವಳ ಮುಖ ಅರಳುತ್ತದೆ. ಕಾಣದಿದ್ದರೆ "ಸ್ವಲ್ಪ ಕಷ್ಟ ಉಂಟು" ಎಂದು ತಲೆಯಾಡಿಸುತ್ತಾಳೆ. ಯಾರಿಗೆ ಕಷ್ಟ, ಯಾತಕ್ಕೆ ಕಷ್ಟ ಎಂದು ಹೇಳುವುದಿಲ್ಲ. ನೀವು ಮನೆಗೆ ಹೋಗಿ ಕನ್ನಡಿಯ ಮುಂದೆ ಬಾಯಿ ತೆರೆದು ನಿಲ್ಲಬೇಕು, ಅಷ್ಟೆ.

ಅವಳು ಅರಿವಳಿಕೆ ಡಾಕ್ಟರು. ಆಪರೇಷನ್ನಿಗೆ ಮುಂಚೆ ರೋಗಿಗೆ ಮತ್ತು ಬರಿಸಿ ಗಂಟಲಿಗೆ ಉಸಿರಿನ ನಳಿಗೆ ಇಳಿಸುವವಳು. ಮನೆ ಠಾಣೆಯಲ್ಲಿ. ಕಲ್ಯಾಣ, ಡೊಂಬಿವಲಿ, ವಾಶಿ ಎಂದು ಯಾವ ಸರ್ಜನ್ ಕರೆದರೂ ಬ್ಯಾಗು ಹೆಗಲಿಗೇರಿಸಿ ಲೋಕಲ್ ರೈಲು ಹಿಡಿಯುತ್ತಾಳೆ. ಈಗ ಬೆಳಿಗ್ಗೆ ಆಪರೇಷನ್, ಸಂಜೆ ಮನೆ ಎನ್ನುವ ಕಾಲವಲ್ಲವೇ? ಅಂಥ ಸಣ್ಣ ಸಣ್ಣ ಸೆಂಟರುಗಳೇ ಅವಳ ಊರು. ನಾನೋ, ಡೊಂಬಿವಲಿಯ ಎಂಐಡಿಸಿ ಕಾರ್ಖಾನೆಗಳ ನಡುವೆ ಅಪ್ಪ ಬಿಟ್ಟುಹೋದ ಹೋಟೆಲು ನಡೆಸುವವನು. ಓದಿದ್ದು ಏಳನೇ ಕ್ಲಾಸು.

"ಜನರನ್ನು ಮಲಗಿಸ್ಲಿಕ್ಕೆ ಇಷ್ಟು ವರ್ಷ ಓದ್ಬೇಕಾ? ನಮ್ಮ ಹೋಟೆಲಲ್ಲಿ ಒಂದು ಫುಲ್ ಊಟ ಮಾಡಿದರೆ ಯಾರಿಗಾದ್ರೂ ನಿದ್ದೆ ಬರ್ತದೆ" ಎಂದು ಒಮ್ಮೆ ಚುಚ್ಚಿದ್ದೆ.

"ಮಲಗಿಸುವುದು ದೊಡ್ಡ ಸಂಗತಿಯಾ ಅಣ್ಣ? ವಾಪಸು ಎಬ್ಬಿಸ್ಬೇಕಲ್ಲ! ನಿನ್ನ ಗಿರಾಕಿ ಏಳದಿದ್ದರೆ ಮುಖಕ್ಕೆ ನೀರು ಚಿಮುಕಿಸ್ತೀ. ನಾನು ಎಂತ ಮಾಡ್ಲಿ?"

ಉತ್ತರ ಹೇಳುವುದರಲ್ಲೂ ಅವಳೇ ಮುಂದೆ. ಹೊಟ್ಟೆ ಉರಿಯದೆ ಇರುತ್ತದೆಯೇ?

ನಮ್ಮ ನೆಂಟರ ಹುಡುಗಿಯೊಬ್ಬಳ ನಿಶ್ಚಿತಾರ್ಥ ಡೊಂಬಿವಲಿಯ ಒಂದು ಸಭಾಭವನದಲ್ಲಿ ನಡೆಯಿತು. ಹುಡುಗನ ಅಪ್ಪ ದಪ್ಪ ಆಸಾಮಿ. ಊಟವಾದ ಮೇಲೆ ಕುರ್ಚಿಯಲ್ಲೇ ಗೊರಕೆ ತೆಗೆದರು. ಗೊರಕೆ ಒಮ್ಮೆ ನಿಲ್ಲುವುದು, ಮತ್ತೆ ಧಡಕ್ಕನೆ ಶುರುವಾಗುವುದು. ತಂಗಿ ಕೈಗಡಿಯಾರ ನೋಡುತ್ತ ಅವರ ಪಕ್ಕದಲ್ಲೇ ನಿಂತುಬಿಟ್ಟಳು. ಅವರು ಕಣ್ಣು ಬಿಟ್ಟದ್ದೇ, "ಮಾವ, ಬಾಯಿ ದೊಡ್ಡದು ಮಾಡಿ. ನಾಲಿಗೆ ಹೊರಗೆ. ಇನ್ನೂ ಹೊರಗೆ. ಈಗ ಕತ್ತು ಹಿಂದೆ ಹಾಕಿ" ಎಂದಳು. ನಿದ್ದೆಗಣ್ಣಿನಲ್ಲಿ ಪಾಪ ಹೇಳಿದ್ದೆಲ್ಲ ಮಾಡಿದರು.

ಹುಡುಗನ ಸೋದರತ್ತೆ ಎದ್ದು ಬಂದರು. "ಇದೆಂತದು ಮಾರಾಯ್ತಿ! ಇದು ನಿಶ್ಚಯವಾ, ದನದ ಸಂತೆಯಾ? ಹಲ್ಲು ಎಣಿಸ್ತಿದ್ದಿ!"

ಸಂಬಂಧ ಮುರಿಯಿತು ಎಂದುಕೊಂಡೆ. ಸುಳ್ಳು ಯಾಕೆ ಹೇಳಲಿ, ಒಳಗೊಳಗೆ ಸ್ವಲ್ಪ ಖುಷಿಯೂ ಆಯಿತು. ಇನ್ನಾದರೂ ಇವಳ ಬಾಲ ಕತ್ತರಿಸಿದಂತಾಗುತ್ತದಲ್ಲ! ಎಲ್ಲಿ? ಮದುವೆ ಆಯಿತು. ಮುಂದೆ ಅದೇ ಮಾವನಿಗೆ ವಾಶಿಯಲ್ಲಿ ಪಿತ್ತಕೋಶದ ಆಪರೇಷನ್ ಆಯಿತು. "ನನಗೆ ಗೊರಕೆ ನಿಂತು ನಿಂತು ಬರ್ತದೆ, ಆ ಡಾಕ್ಟರ್ ಹುಡುಗಿ ಹೇಳ್ಲಿಕ್ಕೆ ಹೇಳಿದ್ದಾಳೆ" ಎಂದರಂತೆ. ಅಲ್ಲಿಯ ಡಾಕ್ಟರು ಹೆಚ್ಚು ಜಾಗ್ರತೆ ಮಾಡಿ ಕ್ಷೇಮವಾಗಿ ಮನೆಗೆ ಕಳಿಸಿದರಂತೆ. ಅಲ್ಲಿಂದ ಈಚೆಗೆ ಪ್ರತಿ ಹಬ್ಬಕ್ಕೂ ಠಾಣೆಗೆ ಮಿಠಾಯಿ ಡಬ್ಬ ಹೋಗುತ್ತದೆ. ಆ ಮದುವೆಯ ಅಡುಗೆ ಪೂರ್ತಿ ನನ್ನದು. ನನಗೆ ಒಂದು ಲಡ್ಡು ಬಂದಿಲ್ಲ!

ಇನ್ನೊಂದು ಕೇಳಿ. ಕಲ್ಯಾಣದ ಸೆಂಟರಿಗೆ ವಿಠ್ಠಲವಾಡಿಯ ಒಬ್ಬ ಬಂದಿದ್ದ. ಆಪರೇಷನ್ ಆದವರನ್ನು ಮನೆಗೆ ಕರೆದುಕೊಂಡು ಹೋಗಲು ಒಬ್ಬರು ಬರಲೇಬೇಕು ಎನ್ನುವುದು ಇವಳ ನಿಯಮ. ಬರುತ್ತೇನೆಂದ ಅಳಿಯ ಫೋನೇ ಎತ್ತಲಿಲ್ಲ. "ಮ್ಯಾಡಮ್, ಏಕಚ್ ಸ್ಟೇಷನ್ ಆಹೇ!" ಎಂದು ಅವನು ಮರಾಠಿಯಲ್ಲಿ ಗೋಗರೆದ. ಒಂದೇ ಸ್ಟೇಷನ್ ನಿಜ. ಆದರೆ ಮತ್ತು ಪೂರ್ತಿ ಇಳಿಯದವನಿಗೆ ಆ ಒಂದು ಸ್ಟೇಷನ್ನಿನಲ್ಲಿ ಏನು ಬೇಕಾದರೂ ಆಗಬಹುದು ಎಂದು ಇವಳ ವಾದ. ಕೊನೆಗೆ ತಾನೇ ಅವನ ಜೊತೆ ಲೋಕಲ್ ಹತ್ತಿ ಮನೆಗೆ ಮುಟ್ಟಿಸಿ ಬಂದಳು. ಅವನ ಹೆಂಡತಿಗೆ ಪಾಠ ಬೇರೆ: ನಾಳೆಯವರೆಗೆ ಇವರು ಸ್ಕೂಟರ್ ಹತ್ತಬಾರದು, ಕಾಗದಕ್ಕೆ ಸಹಿ ಹಾಕಬಾರದು, ಗ್ಯಾಸಿನ ಹತ್ತಿರ ಹೋಗಬಾರದು, ಜಗಳ ಮಾಡಬಾರದು. "ಭಾಂಡಣ್ ಪಣ್ ನಾಹಿ?" ಜಗಳವೂ ಇಲ್ಲವೇ ಎಂದು ಆ ಹೆಂಗಸು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳಂತೆ. ಮದುವೆಯಾದ ಮೇಲೆ ಅವಳಿಗೆ ಸಿಕ್ಕಿದ ಮೊದಲ ರಜೆ ಅದು!

ಹೀಗೆ ಎಲ್ಲರ ಬಾಯಲ್ಲೂ ಅವಳೇ. ನನಗೆ ಸಿಗುತ್ತಿದ್ದ ಹೊಗಳಿಕೆ ಒಂದೇ: "ಅಣ್ಣ ಶಾಲೆ ಬಿಟ್ಟು ದುಡಿದ, ತಂಗಿ ಡಾಕ್ಟರಾದಳು." ಯಾರಾದರೂ ಹಾಗೆಂದಾಗ ನಾನು ತಲೆ ತಗ್ಗಿಸಿ ತ್ಯಾಗದ ಮುಖ ಮಾಡುತ್ತಿದ್ದೆ. ನಿಜ ಹೇಳಲೇ? ನಾನು ಶಾಲೆ ಬಿಟ್ಟಾಗ ಅವಳಿಗೆ ಮೂರು ವರ್ಷ! ಮೂರು ವರ್ಷದ ಮಗುವಿಗಾಗಿ ಯಾವ ತ್ಯಾಗ? ಲೆಕ್ಕದ ಮಾಸ್ತರರಿಗೆ ಹೆದರಿ ಬಿಟ್ಟದ್ದು. ಅವಳಿಗೆ ಇದು ಚೆನ್ನಾಗಿ ಗೊತ್ತು. ನಾಲ್ಕು ಜನರ ಮುಂದೆ ಒಮ್ಮೆಯೂ ನನ್ನ ಮಾತು ತಿದ್ದಿಲ್ಲ. ಅದೂ ನನಗೆ ಹೊಟ್ಟೆಕಿಚ್ಚೇ.

ಅವಳಲ್ಲಿ ಇಲ್ಲದ್ದು ನನ್ನಲ್ಲಿ ಒಂದೇ ಒಂದಿತ್ತು. ನಮ್ಮ ಹೋಟೆಲಿನಲ್ಲಿ ಅಪ್ಪನ ಕಾಲದ ಒಂದು ಪದ್ಧತಿ ಉಂಟು. ಬೆಳಿಗ್ಗೆ ಐದಕ್ಕೆ ಅಡುಗೆಯ ಭಟ್ಟರು ಬಿಸಿ ಸಾಂಬಾರನ್ನು ಧಣಿಯ ಅಂಗೈಗೆ ಬಿಡಬೇಕು. ಧಣಿ ರುಚಿ ನೋಡಿ ಹೂಂ ಎಂದ ಮೇಲೆಯೇ ಶಟರ್ ಎತ್ತುವುದು. ನಾನು ಶಾಲೆ ಬಿಟ್ಟ ಮರುದಿನದಿಂದ ಅಪ್ಪ ತಾನು ನೋಡಿ ಆಮೇಲೆ ನನ್ನ ಅಂಗೈಗೂ ನಾಲ್ಕು ಹನಿ ಬಿಡುತ್ತಿದ್ದರು. ಏಕಾದಶಿಯ ದಿನವೂ ಅಪ್ಪ ರುಚಿ ನೋಡುತ್ತಿದ್ದರು. "ಇದು ತಿನ್ನುವುದಲ್ಲ ಮಗಾ, ನೋಡುವುದು" ಎನ್ನುತ್ತಿದ್ದರು. ಅವರ ಉಪವಾಸ ಒಂದು ದಿನವೂ ಮುರಿಯಲಿಲ್ಲ!

ಹಿಟ್ಟಿನ ಪಾತ್ರೆ ಎತ್ತೀ ಎತ್ತೀ ನನಗೆ ಹರ್ನಿಯಾ ಆಯಿತು. ಕಲ್ಯಾಣದ ಅದೇ ಸೆಂಟರ್. ಅರಿವಳಿಕೆ ಕೊಡುವವಳು? ಇನ್ಯಾರು! ಹಿಂದಿನ ದಿನ ನಾಲ್ಕು ಸಲ ಫೋನು.

"ರಾತ್ರಿ ಹತ್ತು ಗಂಟೆ ಆದ ಮೇಲೆ ಏನೂ ತಿನ್ಬಾರ್ದು. ಬೆಳಿಗ್ಗೆ ಆರರವರೆಗೆ ಬರೀ ನೀರು ಕುಡಿ. ಚಾ ಇಲ್ಲ. ಕೇಳ್ತಾ?"

"ಕೇಳ್ತು ಮಾರಾಯ್ತಿ, ನಾನೇನು ಕಿವುಡನಾ?"

"ಹೊಟ್ಟೆಯಲ್ಲಿದ್ದದ್ದು ಮತ್ತಿನಲ್ಲಿ ಮೇಲೆ ಬಂದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ ಅಣ್ಣ."

ಬೆಳಿಗ್ಗೆ ಐದಕ್ಕೆ ಎಂದಿನಂತೆ ಹೋಟೆಲಿಗೆ ಹೋದೆ. ಭಟ್ಟರು ಅಂಗೈಗೆ ಸಾಂಬಾರು ಬಿಟ್ಟರು. ಉಪ್ಪು ಕಡಿಮೆ. ಖಾತ್ರಿ ಮಾಡಲು ಅರ್ಧ ಇಡ್ಲಿ ಅದ್ದಿ ನೋಡಿದೆ. ಉಪ್ಪು ಹಾಕಿಸಿದೆ, ಸರಿಯಾಯಿತೋ ಎಂದು ಇನ್ನರ್ಧ ನೋಡಿದೆ. ಚಟ್ನಿಗೆ ಅರ್ಧ. ಎರಡೂ ಸೇರಿದರೆ ಹೇಗೆ ಎಂದು ಮತ್ತರ್ಧ. ಒಟ್ಟು ಎರಡು ಇಡ್ಲಿ ನೋಡಿದೆ. ತಿಂದದ್ದು ಏನೂ ಇಲ್ಲ!

ಸೆಂಟರಿನಲ್ಲಿ ನರ್ಸ್ ಕೇಳಿದಳು, ಏನಾದರೂ ತಿಂದಿದ್ದೀರಾ? ಇಲ್ಲ. ಸರ್ಜನ್ ಕೇಳಿದರು. ಇಲ್ಲ. ಕೊನೆಗೆ ತಂಗಿ ಬಂದಳು. "ಹೆಸರು?" ಎಂದಳು.

"ನನ್ನ ಹೆಸರು ನಿನಗೆ ಗೊತ್ತಿಲ್ವಾ?"

"ಗೊತ್ತಿದ್ರೂ ಕೇಳ್ಬೇಕು. ಹೇಳು." ಹೇಳಿದೆ. "ಕೊನೆಗೆ ತಿಂದದ್ದು ಯಾವಾಗ?"

ಅವಳು ಮೂರನೆಯವಳಾಗಿ ಕೇಳಿದಾಗ ನನಗೆ ಹೊಳೆಯಿತು, ಎರಡು ಇಡ್ಲಿ ಎಂದರೆ ಎರಡು ಇಡ್ಲಿಯೇ ಎಂದು. ಮಾತು ನಾಲಿಗೆಯ ತುದಿಯವರೆಗೆ ಬಂತು. ಆದರೆ ಅಲ್ಲಿ ಸರ್ಜನ್ ಇದ್ದರು, ನರ್ಸ್ ಇದ್ದಳು. ಇವಳು ಕೇಳಿ ಹಿಡಿದಳು ಎಂದು ಇಲ್ಲೂ ಇವಳಿಗೇ ಶಹಭಾಸ್ ಸಿಗಬೇಕೇ? "ನಿನ್ನೆ ಊಟ. ಆಮೇಲೆ ಇಲ್ಲ" ಎಂದೆ.

"ಬಾಯಿ ತೆರೆ."

ತೆರೆದೆ. ನನ್ನ ಕೋರೆಹಲ್ಲಿಗೆ ಕರಿಬೇವಿನ ಒಂದು ಚೂರು ಅಂಟಿತ್ತು.

ಅವಳು ಗಂಟಲು ನೋಡಲಿಲ್ಲ. ನನ್ನ ಕಣ್ಣು ನೋಡಿದಳು. "ಇವತ್ತು ಬೇಡ" ಎಂದಳು. ಫೈಲಿನಲ್ಲಿ ಏನೋ ಬರೆದು ಸರ್ಜನ್ನರಿಗೆ ತೋರಿಸಿದಳು. ಇಬ್ಬರೂ ಇಂಗ್ಲಿಷಿನಲ್ಲಿ ಮಾತಾಡಿದರು. ಸರ್ಜನ್ನರ ಧ್ವನಿ ಏರಿತು, ಇವಳದು ಇಳಿಯಿತು. ಅವಳು ಬೈಸಿಕೊಳ್ಳುವುದನ್ನು ನಾನು ಜನ್ಮದಲ್ಲೇ ನೋಡಿರಲಿಲ್ಲ. ಎಷ್ಟು ಹಿತವಾಯಿತು ಎಂದರೆ, ನಾನೂ ಒಂದು ಸೇರಿಸಿದೆ: "ಧೈರ್ಯ ಇಲ್ಲದಿದ್ರೆ ಬೇರೆ ಡಾಕ್ಟರನ್ನು ಕರೆಸ್ಲಿ!"

ಅವಳು ಫೈಲು ಮುಚ್ಚಿ ನನ್ನ ಕೈಗಿಟ್ಟಳು.

ಆಮೇಲೆ ಎರಡು ವಾರ ಹೋಟೆಲಿನಲ್ಲಿ ನನ್ನದೇ ಭಾಷಣ. ದಿನಾ ತಿಂಡಿಗೆ ಬರುವ ಕೆಮಿಕಲ್ ಕಂಪನಿಯವರಿಗೆ ಇಡ್ಲಿಯ ಜೊತೆ ತಂಗಿಯ ಪುಕ್ಕಲುತನವನ್ನೂ ಬಡಿಸಿದೆ. ಆ ಸರ್ಜನ್ ಅವಳನ್ನು ಕರೆಯುವುದು ನಿಲ್ಲಿಸಿದ್ದಾರೆ ಎಂದು ನೆಂಟರಿಂದ ತಿಳಿದಾಗ, ನೋಡಿದಿರಾ, ನಾನು ಹೇಳಲಿಲ್ಲವೇ ಎಂದೆ. ಒಂದು ಮಧ್ಯಾಹ್ನ ನನ್ನ ಮಗಳು ಕಪಾಟಿನಲ್ಲಿ ಏನೋ ಹುಡುಕುವಾಗ ಆ ಫೈಲು ಅವಳ ಕೈಗೆ ಸಿಕ್ಕಿತು. ಅವಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

"ಪಪ್ಪಾ, ಇಸ್ ಮೇಂ ತೋ ಲಿಖಾ ಹೈ, ಗಲ್ತೀ ಬುವಾ ಕೀ ಹೈ!"

ತಪ್ಪು ಅತ್ತೆಯದು ಎಂದು ಬರೆದಿದೆಯೇ? ಪೂರ್ತಿ ಓದಿ ಹೇಳು ಎಂದೆ. ಓದಿದಳು. ರೋಗಿ ಬೆಳಿಗ್ಗೆ ತಿಂದಿದ್ದಾರೆ. ಉಪವಾಸದ ನಿಯಮವನ್ನು ರೋಗಿಗೆ ಅರ್ಥವಾಗುವಂತೆ ನಾನು ಹೇಳಿಲ್ಲ. ಜವಾಬ್ದಾರಿ ನನ್ನದು. ಕೆಳಗೆ ತಂಗಿಯ ಸಹಿ.

"ಆಪ್‌ನೇ ಸಚ್ ಮೇಂ ಖಾಯಾ ಥಾ, ಪಪ್ಪಾ?" ಎಂದು ಮಗಳು ಕೇಳಿದಳು.

ನಿಜವಾಗಿಯೂ ತಿಂದಿದ್ದೆಯಾ ಎಂದು ನನ್ನನ್ನು ಕೇಳಿದವರಲ್ಲಿ ಅವಳು ನಾಲ್ಕನೆಯವಳು. ಅವಳಿಗೆ ಹೌದು ಎಂದೆ.

ತಂಗಿಗೆ ಫೋನು ಮಾಡಿದೆ. "ಸುಳ್ಳು ಯಾಕೆ ಬರೆದೆ?"

"ಸುಳ್ಳೆಲ್ಲಿ? ಏಕಾದಶಿಗೆ ಅಪ್ಪ ರುಚಿ ನೋಡ್ತಿದ್ದದ್ದು ನಾನೂ ಕಂಡವಳಲ್ವಾ? ನಿನಗೆ ತಿನ್ಬೇಡ ಅಂದೆ. ರುಚಿ ನೋಡ್ಬೇಡ ಅನ್ಲಿಕ್ಕೆ ಮರ್ತೆ."

"ನೀನು ಕೇಳಿದಾಗ ನನಗೆ ಗೊತ್ತಿತ್ತು. ಬೇಕೆಂದೇ ಹೇಳಲಿಲ್ಲ" ಎಂದೆ. ಅಷ್ಟು ಹೇಳುವಾಗ ಹಿಟ್ಟಿನ ನಾಲ್ಕು ಪಾತ್ರೆ ಎತ್ತಿದಷ್ಟು ಭಾರವಾಯಿತು.

"ಅದೂ ಗೊತ್ತುಂಟು ಅಣ್ಣ" ಎಂದಳು.

ಮರುದಿನ ಕಲ್ಯಾಣಕ್ಕೆ ಹೋಗಿ ಸರ್ಜನ್ನರ ಮುಂದೆ ನಿಂತು ಎರಡು ಇಡ್ಲಿಯ ಕಥೆಯನ್ನು ಪೂರ್ತಿ ಒಪ್ಪಿಸಿದೆ. ಅವರು ಬೈದರು, ಆಮೇಲೆ ನಕ್ಕರು, ಆಮೇಲೆ ನನ್ನೆದುರೇ ಅವಳಿಗೆ ಫೋನು ಹಚ್ಚಿದರು. ಹೋಟೆಲಿನಲ್ಲೂ ಒಂದು ಬೆಳಿಗ್ಗೆ ಕಂಪನಿಯವರ ಟೇಬಲ್ಲಿನ ಹತ್ತಿರ ನಿಂತು ಅದನ್ನೇ ಹೇಳಿದೆ. ಶಾಲೆ ಬಿಟ್ಟ ನಿಜ ಕಥೆಯನ್ನೂ ಜೊತೆಗೇ ಸೇರಿಸಿದೆ.

ಎರಡನೇ ಸಲ ಆಪರೇಷನ್ನಿಗೆಂದು ಸೆಂಟರಿಗೆ ಹೋದಾಗ ನರ್ಸಿನ ಕೈಯ ಕಾಗದದಲ್ಲಿ ಒಂದು ಹೊಸ ಪ್ರಶ್ನೆ ಇತ್ತು: ಅಡುಗೆಯ ರುಚಿ ನೋಡಿದ್ದೀರಾ? ಸೇರಿಸಿದ್ದು ಯಾರು ಎಂದು ನಾನು ಕೇಳಲಿಲ್ಲ.

ಟೇಬಲ್ಲಿನ ಮೇಲೆ ಮಲಗಿಸಿದರು. ತಂಗಿ ಬಗ್ಗಿದಳು. ಹೆಸರು ಕೇಳಿದಳು, ಹೇಳಿದೆ. "ರುಚಿ?" ಎಂದಳು.

"ನೋಡಿಲ್ಲ. ಹೋಟೆಲಿನ ಕಡೆ ತಲೆಯೂ ಹಾಕಿಲ್ಲ." ಆದರೆ ಮನಸ್ಸು ಅಲ್ಲೇ ಇತ್ತು. "ಅಪ್ಪನ ಕಾಲದಿಂದ ರುಚಿ ನೋಡದೆ ಶಟರ್ ಎತ್ತಿದ್ದು ಇದೇ ಮೊದಲು" ಎಂದೆ.

"ಹಾಗೆ ಎತ್ತಿಲ್ಲ" ಎಂದಳು. "ಮೊದಲ ಲೋಕಲ್ ಹಿಡಿದು ನಾನು ಹೋಗಿದ್ದೆ. ಭಟ್ಟರು ಅಂಗೈಗೆ ಬಿಟ್ಟರು. ಉಪ್ಪು ಸ್ವಲ್ಪ ಕಡಿಮೆ ಇತ್ತು, ಹಾಕಿಸಿದೆ."

ಮತ್ತಿನ ಮಾಸ್ಕನ್ನು ನನ್ನ ಮೂಗಿನ ಹತ್ತಿರ ತಂದಳು. ಬೇರೆ ಯಾರಿಗೂ ಕೇಳದ ಹಾಗೆ ಹೇಳಿದಳು: "ಸಣ್ಣವಳಿರುವಾಗ ಹೋಟೆಲಿನ ಬಾಗಿಲ ಸಂದಿಯಿಂದ ನೋಡ್ತಿದ್ದೆ. ಅಪ್ಪ ನಿನ್ನ ಕೈಗೆ ಮಾತ್ರ ಬಿಡ್ತಿದ್ದರು. ನನ್ನ ಕೈಗೆ ಒಂದು ದಿನ ಒಂದು ಹನಿ ಬಿಟ್ಟದ್ದಿಲ್ಲ. ನಿನ್ನ ಮೇಲೆ ನನಗೆ ಎಷ್ಟು ಹೊಟ್ಟೆಕಿಚ್ಚು ಇತ್ತು, ಗೊತ್ತುಂಟಾ?"

ನಾನು ಏನೋ ಹೇಳಲು ಬಾಯಿ ತೆರೆದೆ.

"ಈಗ ಮಲಗು ಅಣ್ಣ" ಎಂದಳು. "ನಾನು ಎಬ್ಬಿಸ್ತೇನೆ."