ಹೊರಗ ಬಿಡು ತಾಯಿ

ಹಾರೂಗೇರಿಯ ನಮ್ಮ ಕಬ್ಬಿನ ಕಚೇರಿಯಲ್ಲಿ ನಾನೇ ಕಂಪ್ಯೂಟರ್ ಪಂಡಿತ. ಮೌಸಿನ ಮೇಲೆ ಧೈರ್ಯವಾಗಿ ಕೈಯಿಡುವವನು ನಾನೊಬ್ಬನೇ ಆಗಿದ್ದೆ, ಅಷ್ಟೇ.

ಆಗ ಸಕ್ಕರೆ ಕಾರ್ಖಾನೆಯವರು ಹೊಸ ವ್ಯವಸ್ಥೆ ತಂದರು. ಕಾರ್ಖಾನೆಯಲ್ಲಿರುವ ದೊಡ್ಡ ಕಂಪ್ಯೂಟರಿನೊಳಗೆ ಇಲ್ಲಿಂದಲೇ ಫೋನ್ ಲೈನಿನಲ್ಲಿ ಹೊಕ್ಕು ಕೆಲಸ ಮಾಡಬೇಕು. ಕಪ್ಪು ಪರದೆ, ಬಿಳಿ ಇಂಗ್ಲಿಷ್ ಅಕ್ಷರ; ಕನ್ನಡವನ್ನೂ ಅದರಲ್ಲೇ ಬರೆಯಬೇಕು. ಮೌಸ್ ನಡೆಯದು. ಬರೆಯುವ ಸ್ಥಿತಿಯಲ್ಲಿದ್ದರೆ ಒತ್ತಿದ ಅಕ್ಷರ ಪರದೆಯ ಮೇಲೆ ಮೂಡುತ್ತದೆ. ಆಜ್ಞೆಯ ಸ್ಥಿತಿಯಲ್ಲಿದ್ದರೆ ಅದೇ ಅಕ್ಷರ ಹುಕುಂ ಆಗುತ್ತದೆ. ‘ಜೆ’ ಒತ್ತಿದರೆ ಒಂದು ಸಾಲು ಕೆಳಗೆ, ‘ಕೆ’ ಒತ್ತಿದರೆ ಮೇಲೆ. ಬರವಣಿಗೆಯಿಂದ ಆಜ್ಞೆಗೆ ದಾಟಿಸುವುದು ಮೂಲೆಯ ಎಸ್ಕೇಪ್ ಕೀ. ತರಬೇತಿಯಲ್ಲಿ ಈ ಎಸ್ಕೇಪಿನ ಮಾತೊಂದನ್ನು ಹೇಳುವಾಗ ನಾನು ಎಲ್ಲರಿಗೂ ಮಿರ್ಚಿ ಭಜಿ ತರಲು ಹೋಗಿದ್ದೆ.

ಮರುವಾರ ನನಗೊಂದು ಕೆಲಸ ಬಂತು. ‘ನಾಳೆ ಕಬ್ಬಿನ ತೂಕ ಇರುವುದಿಲ್ಲ’ ಎಂದು ಬರೆದು ಉಳಿಸಿದರೆ, ಊರೂರಿನ ಕಚೇರಿಗಳಲ್ಲಿ ಬರೆದವನ ಹೆಸರಿನ ಸಮೇತ ತಾನೇ ಅಚ್ಚಾಗಿ ಗೋಡೆಗೆ ಹತ್ತುತ್ತದೆ. ಬರೆದೆ. ಕೆಳಗಿಳಿಯಲು ‘ಜೆ’ ಒತ್ತಿದೆ. ಜೆಜೆಜೆ ಎಂದು ಮೂಡಿತು. ಹೊರಬರೋಣವೆಂದು ‘ಎಕ್ಸಿಟ್’ ಎಂದು ಬರೆದೆ. ಅದೂ ಮೂಡಿತು. ‘ಕ್ವಿಟ್’, ‘ಬೈ’, ‘ನಮಸ್ಕಾರ’ ಎಲ್ಲ ಮೂಡಿದವು. ಬೆವರು ಒರೆಸಿಕೊಂಡು, ‘ಹೊರಗ ಬಿಡು ತಾಯಿ’ ಎಂದೂ ಬರೆದೆ. ಕೊನೆಗೆ ಸಿಟ್ಟಿನಿಂದ ಸಿಕ್ಕಸಿಕ್ಕ ಕೀಗಳನ್ನು ಗುದ್ದಿದಾಗ ಯಾವುದೋ ಒಂದು ಹತ್ತಿ, ಎಲ್ಲವೂ ಉಳಿದು ಪರದೆ ಮುಚ್ಚಿತು. ಗೆದ್ದೆನೆಂದು ಚಹಾ ತರಿಸಿದೆ.

ಚಹಾ ಕುಡಿಯುವಷ್ಟರಲ್ಲಿ ಹೆಂಡತಿ ಶೋಭಾಳ ಫೋನು.

“ಎಲ್ಲಿ ಅದೀರಿ?”

“ಆಫೀಸಿನ್ಯಾಗ.”

“ಬಾಗಲಾ ತೆರದೈತೇನು?”

“ತೆರದೈತಿ. ಯಾಕ?”

“ಹಂಗಾರ ಹೊರಗ ಬಿಡು ತಾಯಿ ಅಂತ ಯಾರಿಗೆ ಕೈ ಮುಗದೀರಿ? ನನ್ನ ತವರೂರು ಭೋಜದಾಗ ಗ್ವಾಡಿಗೆ ಹಚ್ಯಾರಂತ, ಕೆಳಗ ನಿಮ್ಮ ಹೆಸರೈತಂತ. ಅಪ್ಪ ಓದಿ ಗಾಬರಿ ಆಗಿ ಜೀಪ್ ತಗೊಂಡು ಹೊಂಟಾನ.”

ಮಾವನವರು ಬಂದೇಬಿಟ್ಟರು. ಜೊತೆಗೆ ದಪ್ಪ ಮೀಸೆಯ ಇಬ್ಬರು ನೆಂಟರು.

“ಅಳಿಯಂದ್ರ, ಯಾರು ಕೂಡಿ ಹಾಕಿದ್ರು? ಹೆಸರು ಹೇಳ್ರಿ ಸಾಕು.”

“ಯಾರೂ ಇಲ್ರಿ ಮಾವ. ಈ ಕಂಪ್ಯೂಟರಿನ್ಯಾಗ ಸಿಕ್ಕೊಂಡಿದ್ದೆ.”

ಅವರು ಬಗ್ಗಿ ಕಂಪ್ಯೂಟರಿನ ಹಿಂದೆ ಮುಂದೆ ನೋಡಿದರು.

“ಇಷ್ಟು ಸಣ್ಣದರಾಗ?”

ಅಷ್ಟರಲ್ಲಿ ಕಾರ್ಖಾನೆಯ ಮ್ಯಾನೇಜರರ ಫೋನು ಬಂತು: ಸಂಜೆಯೊಳಗೆ ನೋಟಿಸು ತಿದ್ದದಿದ್ದರೆ, ತೂಕವಿಲ್ಲವೆಂಬುದು ಯಾರಿಗೂ ತಿಳಿಯದೆ ನಾಳೆ ಕಬ್ಬಿನ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತವೆ. ಎಸ್ಕೇಪ್ ಕೀಯ ಮಹಿಮೆಯನ್ನೂ ಅವರೇ ನಿಧಾನವಾಗಿ, ಎರಡೆರಡು ಸಲ ಹೇಳಿದರು. ನಾನು ಕುರ್ಚಿ ಎಳೆದುಕೊಂಡೆ.

“ಮತ್ತ ಒಳಗ ಹೊಂಟ್ರೇನು?” ಎಂದರು ಮಾವ.

“ಹೋಗಬೇಕ್ರಿ.”

“ಹೋಗ್ರಿ. ನೀವು ಹೊರಗ ಬರೂತನಾ ನಾ ಇಲ್ಲಿಂದ ಏಳೂದಿಲ್ಲ.” ಅವರು ನನ್ನ ಬೆನ್ನ ಹಿಂದೆಯೇ ಗಟ್ಟಿಯಾಗಿ ಕುಳಿತರು. ಆ ಕ್ಷಣ ನನಗೆ ನಿಜಕ್ಕೂ ಧೈರ್ಯ ಬಂತು.

ತಿದ್ದಿ, ಉಳಿಸಿ, ಈ ಸಲ ನನ್ನ ಸ್ವಂತ ಬುದ್ಧಿಯಿಂದಲೇ ಹೊರಬಂದು ಹೆಮ್ಮೆಯಿಂದ ತಿರುಗಿದೆ. ಮಾವನವರು ಗೊರಕೆ ಹೊಡೆಯುತ್ತಿದ್ದರು. ನನ್ನ ವಿಜಯವನ್ನು ಕಂಡವರು ಇಬ್ಬರು ನೆಂಟರು ಮಾತ್ರ. ಅವರಲ್ಲೊಬ್ಬ ಕೇಳಿದ: “ಮುಗೀತೇನ್ರಿ? ಇದಕ್ಕ ಪಗಾರಾ ಕೊಡ್ತಾರೇನು?”